ಬಟ್ಟೆಯ ಆ ಕಡೆಯ ತುದಿ

ಬಟ್ಟೆ ಹಾಸುವುದಕ್ಕೆ ಇಬ್ಬರು ಬೇಕು. ಹೊಲಿಗೆ ಕೆಲಸ ಗೊತ್ತಿಲ್ಲದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಒಂದೇ ಒಂದು ಪ್ಯಾಂಟು ಹೊಲಿಯುವ ದರ್ಜಿ ಬಟ್ಟೆಯನ್ನು ಎರಡಾಗಿ ಮಡಿಸಿ ಕತ್ತರಿಸುತ್ತಾನೆ. ನಮ್ಮದು ಹಾಗಲ್ಲ, ಯೂನಿಫಾರಂ ಹೊಲಿಯುವ ಶೆಡ್ಡು. ಐವತ್ತು, ಅರವತ್ತು ಒಟ್ಟಿಗೆ ಕತ್ತರಿಸಬೇಕು. ಉದ್ದ ಮೇಜಿನ ಈ ತುದಿಗೊಬ್ಬರು, ಆ ತುದಿಗೊಬ್ಬರು ನಿಂತು, ಬಟ್ಟೆಯ ಉದ್ದ ಸುರುಳಿಯಾದ ಥಾನು ಬಿಚ್ಚಿಕೊಂಡು ಹೋಗಿ, ಆ ತುದಿಯಲ್ಲಿ ಮಡಿಸಿ ಹಿಡಿದು, ಮತ್ತೆ ಈ ಕಡೆಗೆ ತಂದು ಪದರದ ಮೇಲೆ ಪದರ ಹಾಸುತ್ತಾರೆ. ಹೋಗುವಾಗ ಬಟ್ಟೆಯ ಮುಖ ಮೇಲೆ, ಬರುವಾಗ ಮುಖ ಕೆಳಗೆ. ಹಾಗಾಗಿ ಮೇಲಿನ ಪದರಕ್ಕೆ ಒಂದೇ ಕಾಲಿನ ಗುರುತು ಹಾಕಿ ಕತ್ತರಿಸಿದರೂ ಒಂದು ಪದರದಲ್ಲಿ ಎಡಗಾಲು, ಇನ್ನೊಂದರಲ್ಲಿ ಬಲಗಾಲು ತಾನಾಗಿಯೇ ಬರುತ್ತದೆ. ಇಷ್ಟೇ ವಿದ್ಯೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಅರ್ಥವಾಗಿದೆ ಎಂದಮೇಲೆ ನಿಮಗೇನು ಕಷ್ಟ.

ನಾನು ಕತ್ತರಿಸುವವನಲ್ಲ, ಇಸ್ತ್ರಿಯವನು. ಶೆಡ್ಡಿನಲ್ಲಿ ನನ್ನನ್ನು ಕೆಂಡಣ್ಣ ಎನ್ನುತ್ತಾರೆ. ಇಸ್ತ್ರಿಪೆಟ್ಟಿಗೆಯಿಂದ ಬಂದ ಹೆಸರು ಎಂದು ಹೊಸಬರಿಗೆ ಹೇಳುತ್ತೇನೆ. ಹಳಬರು ಮುಖ ಆ ಕಡೆ ತಿರುಗಿಸಿ ನಗುತ್ತಾರೆ. ಇರಲಿ, ನಾನು ಹೇಳಹೊರಟಿದ್ದು ನಮ್ಮ ಮಾಸ್ಟರಮ್ಮನ ವಿಷಯ.

ಬಟ್ಟೆ ಕತ್ತರಿಸುವವರನ್ನು ಎಲ್ಲ ಕಡೆ ಮಾಸ್ಟರ್ ಎನ್ನುತ್ತಾರೆ. ನಮ್ಮಲ್ಲಿ ಆ ಕೆಲಸ ಹೆಣ್ಣುಮಗಳದು, ಅದಕ್ಕೆ ಮಾಸ್ಟರಮ್ಮ. ವಯಸ್ಸು ಮೂವತ್ತೈದರ ಆಸುಪಾಸು. ಕತ್ತಿನಲ್ಲಿ ಅಳತೆಯ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ, ಬಲಗೈ ಹೆಬ್ಬೆರಳಿನ ಮೇಲೆ ಕತ್ತರಿ ಉಜ್ಜಿ ಉಜ್ಜಿ ಗಟ್ಟಿಯಾದ ಚರ್ಮ. ಅವಳು ಎಳೆದ ಗೆರೆಯ ಮೇಲೆ ಇರುವೆ ಬಿಟ್ಟರೂ ದಾರಿ ತಪ್ಪುವುದಿಲ್ಲ ಎಂದು ನಮ್ಮ ದೊಡ್ಡಮ್ಮ ಹೇಳುತ್ತಿದ್ದರು. ದೊಡ್ಡಮ್ಮ ಎಂದರೆ ಶೆಡ್ಡಿನ ಯಜಮಾನಿ. ಎಪ್ಪತ್ತು ದಾಟಿದೆ, ಈಗಲೂ ಗುಂಡಿಗಳನ್ನು ತಾವೇ ಎಣಿಸಿ ಕೊಡುತ್ತಾರೆ.

ಮೇಜಿನ ಆ ತುದಿಯಲ್ಲಿ ಹತ್ತು ವರ್ಷದಿಂದ ನಿಲ್ಲುತ್ತಿದ್ದವನು ಮಾಸ್ಟರಮ್ಮನ ಗಂಡ. ಬಟ್ಟೆ ಹಾಸುವುದು, ಹೊಲಿದ ಮಾಲನ್ನು ತಲುಪಿಸುವುದು ಅವನ ಕೆಲಸ. ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ. ಅವಳು ಸೀಮೆಸುಣ್ಣದಿಂದ ಮೇಜಿಗೆ ಟಕ್ ಎಂದು ಒಂದು ಏಟು ಕೊಟ್ಟರೆ ಅವನ ಕೈ ನಿಲ್ಲುತ್ತಿತ್ತು. ಎರಡು ಟಕ್ ಎಂದರೆ ಸ್ವಲ್ಪ ಸಡಿಲ ಬಿಡು ಎಂದು ಅರ್ಥ. ನೋಡುವುದಕ್ಕೆ ಚೆಂದವಿತ್ತು. ಚೆಂದ ಕಂಡದ್ದೆಲ್ಲ ಒಳಗೂ ಚೆನ್ನಾಗಿದೆ ಎಂದು ನಾವು ತಿಳಿದುಕೊಂಡಿದ್ದೆವು.

ಒಂದು ಸೋಮವಾರ ಅವನು ಬರಲಿಲ್ಲ.

"ಅವರಿಗೆ ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ತು," ಎಂದಳು ಮಾಸ್ಟರಮ್ಮ. "ಮನೆ ನೋಡ್ತಿದ್ದಾರೆ. ಸಿಕ್ಕಿದ್ಮೇಲೆ ನಾನೂ ಹೊರಡ್ತೀನಿ. ತಿಂಗಳಾಗ್ಬಹುದು."

ನಮ್ಮಲ್ಲಿ ಹೊಲಿಗೆ ಮಿಷಿನ್ನಿಗೆ ಕೂರುವವರು ಇಬ್ಬರು, ಅತ್ತಿಗೆ ಮತ್ತು ನಾದಿನಿ. ಒಂದೇ ಮನೆಯಿಂದ ಬರುತ್ತಾರೆ, ಒಂದೇ ಮನೆಗೆ ಹೋಗುತ್ತಾರೆ, ದಾರಿಯುದ್ದಕ್ಕೂ ಕಚ್ಚಾಡುತ್ತಾರೆ. ಅವತ್ತಿನಿಂದ ಇಬ್ಬರಿಗೂ ಅದೇ ಮಾತು. "ಮನೆ ಸಿಕ್ತಾ ಮಾಸ್ಟರಮ್ಮ? ಗಂಡನ್ನ ಜಾಸ್ತಿ ದಿನ ಒಬ್ಬನ್ನೇ ಬಿಡ್ಬೇಡ, ಅಡುಗೆ ಕಲಿತುಬಿಟ್ರೆ ಆಮೇಲೆ ನಿನ್ನ ಕೈರುಚಿಗೆ ಬೆಲೆ ಇರಲ್ಲ." ನಾನೇನು ಕಡಿಮೆಯೇ. "ಹೊಸ ಊರಿಗೆ ಹೋದ್ಮೇಲೆ ಈ ಕೆಂಡಣ್ಣನಿಗೊಂದು ಫೋನ್ ಮಾಡಮ್ಮ, ಅಲ್ಲಿ ಇಸ್ತ್ರಿ ಹೇಗೆ ಮಾಡ್ತಾರೆ ಹೇಳು," ಎಂದು ದಿನಕ್ಕೊಂದು ಸಲ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಹಲ್ಲು ಮಾತ್ರ ಕಾಣುತ್ತಿತ್ತು. ಅದು ಈಗ ನೆನೆಸಿಕೊಂಡರೆ ಗೊತ್ತಾಗುತ್ತದೆ.

ಅತ್ತಿಗೆ ಒಂದು ದಿನ ಎದ್ದುಹೋಗಿ "ಆ ತುದಿ ನಾನು ಹಿಡೀಲಾ?" ಎಂದು ಕೇಳಿದ್ದುಂಟು.

"ಬೇಡ ಬಿಡಿ ಅತ್ತಿಗೆ. ನಿಮ್ಮ ಕೆಲಸ ನಿಲ್ಲುತ್ತೆ. ಸಣ್ಣ ಸಣ್ಣದೇ ಇದೆ, ನಾನೇ ಮಾಡ್ಕೊತೀನಿ."

ಮೂರು ವಾರ ಸಣ್ಣ ಸಣ್ಣದೇ ಇತ್ತು. ಆಮೇಲೆ ಒಂದು ಹೋಟೆಲಿನ ಕೆಲಸಗಾರರಿಗೆ ಅರವತ್ತು ಪ್ಯಾಂಟು ಬಂತು. ಕಡುನೀಲಿ, ದಪ್ಪ ಬಟ್ಟೆ. ಸೋಮವಾರ ಕೊಡಬೇಕು. ಗುರುವಾರ ಮಾಸ್ಟರಮ್ಮ ಒಬ್ಬಳೇ ಹಾಸಿದಳು. ಒಂದು ಪದರ ಎಳೆದುಕೊಂಡು ಹೋಗಿ, ಆ ತುದಿಯಲ್ಲಿ ಕಬ್ಬಿಣದ ತುಂಡು ಹೇರಿ, ಈ ಕಡೆಗೆ ನಡೆದು ಬಂದು, ಕತ್ತರಿಸಿ, ಮತ್ತೆ ಥಾನಿನಿಂದ ಎಳೆದುಕೊಂಡು ಹೋಗಿ. ನಲವತ್ತು ಪದರ, ಪದರಕ್ಕೆ ಮೂರು ಕಾಲು. ಮಧ್ಯಾಹ್ನದವರೆಗೂ ಅವಳು ಮೇಜಿನ ಉದ್ದಕ್ಕೂ ನಡೆಯುತ್ತಲೇ ಇದ್ದಳು. ಸಂಜೆಗೆ ಕತ್ತರಿಸಿ ಮುಗಿಸಿ, ಕಾಲುಗಳನ್ನು ಕಟ್ಟು ಕಟ್ಟಿ ಎರಡು ಮಿಷಿನ್ನಿಗೂ ಹಂಚಿಟ್ಟಳು. ನನ್ನ ಇಸ್ತ್ರಿ ಹಲಗೆಯಿಂದ ಎಲ್ಲ ಕಾಣುತ್ತಿತ್ತು. ಕಣ್ಣಿಗೆ ಕಂಡದ್ದು ತಲೆಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಿಷಿನ್ನಿನ ಕಡೆಯಿಂದ ಜಗಳ ಶುರುವಾಯಿತು.

"ಅತ್ತಿಗೆ, ನನ್ನ ಬಲಗಾಲೆಲ್ಲ ನಿಮ್ಮ ಕಟ್ಟೊಳಗೆ ಹಾಕ್ಕೊಂಡಿದೀರಾ, ಕೊಡಿ ಈ ಕಡೆ."

"ನಿನ್ನ ಬಲಗಾಲು ನಂಗ್ಯಾಕೆ? ನಂದೇ ಸಿಕ್ತಿಲ್ಲ. ನೀನೇ ತಗೊಂಡಿರ್ತೀಯ."

"ನನ್ನ ಕಟ್ಟಲ್ಲಿ ಬರೀ ಎಡಗಾಲು."

"ನಂದ್ರಲ್ಲೂ ಬರೀ ಎಡಗಾಲು."

"ಕಣ್ಣು ಬಿಟ್ಟು ನೋಡಿ," ಎಂದು ಗದರಿಕೊಂಡು ನಾನೇ ಹೋದೆ. ಕಟ್ಟುಗಳನ್ನೆಲ್ಲ ಬಿಚ್ಚಿದೆ. ನೂರಿಪ್ಪತ್ತು ಕಾಲು. ನೂರಿಪ್ಪತ್ತೂ ಎಡಗಾಲು. ಒಬ್ಬಳೇ ಒಂದೇ ಕಡೆಯಿಂದ ಎಳೆದುಕೊಂಡು ಹೋದದ್ದರಿಂದ ನಲವತ್ತು ಪದರದಲ್ಲೂ ಬಟ್ಟೆಯ ಮುಖ ಮೇಲೇ ಬಂದಿತ್ತು. ಹಾಗೆ ಹಾಸಿದರೆ ಎರಡೂ ಕಾಲಿನ ಗುರುತು ಬೇರೆ ಬೇರೆ ಹಾಕಬೇಕು. ಅವಳು ಹತ್ತು ವರ್ಷದ ಅಭ್ಯಾಸದಲ್ಲಿ ಒಂದೇ ಕಾಲಿನ ಗುರುತು ಹಾಕಿದ್ದಳು. ತಿರುಗಿಸಿ ಹೊಲಿಯೋಣವೆಂದರೆ ಈ ಬಟ್ಟೆಗೆ ಮುಖವೇ ಬೇರೆ, ಬೆನ್ನೇ ಬೇರೆ. ಮುಖಕ್ಕೆ ಓರೆ ಗೆರೆ, ಹೊಳಪು. ಬೆನ್ನು ಮಂಕು.

ಸಿಟ್ಟು ಬಂದರೆ ನನಗೆ ನಾಲಗೆಯ ಮೇಲೆ ಹಿಡಿತವಿಲ್ಲ. "ಯಾರಿಗಮ್ಮ ಈ ಪ್ಯಾಂಟು?" ಎಂದು ಕೂಗಿದೆ. "ಒಂಟಿಕಾಲಲ್ಲಿ ನಿಲ್ಲೋ ಕೊಕ್ಕರೆಗಾ? ಮೈಯೆಲ್ಲ ಇಲ್ಲಿ, ಮನಸ್ಸೆಲ್ಲ ಗಂಡನ ಹತ್ರ. ಹೋಗೋದಿದ್ರೆ ಇವತ್ತೇ ಹೋಗು ಅವನ ಹತ್ರ, ನಮ್ಮ ಪ್ರಾಣ ಯಾಕೆ ತೆಗೀತೀಯ?"

ಮಾಸ್ಟರಮ್ಮ ಕತ್ತರಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಅವರ ಹತ್ರ ಹೋಗೋಕಾಗಲ್ಲ ಅಣ್ಣ. ಅವರಿಗೆ ಬೇರೆ ಮನೆ ಆಗಿದೆ. ಬೇರೆಯವರ ಜೊತೆ."

ಮಿಷಿನ್ನುಗಳು ನಿಂತವು. ಅವಳು ತಲೆ ತಗ್ಗಿಸಿಕೊಂಡೇ ಉಳಿದದ್ದನ್ನೂ ಹೇಳಿದಳು. ಹೊಸ ಊರು, ಹೊಸ ಕೆಲಸ ಎಲ್ಲ ಸುಳ್ಳು. ಮೂರು ವಾರದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಗಂಡ ಊಟ ಮುಗಿಸಿ, ಕೈ ಒರೆಸಿಕೊಂಡು, ಇನ್ನು ಆಗುವುದಿಲ್ಲ ಎಂದನಂತೆ. ಬ್ಯಾಗು ಮೊದಲೇ ತುಂಬಿಟ್ಟಿತ್ತಂತೆ. "ಜಗಳ ಆಡಿದ್ರೂ ಆಗ್ತಿತ್ತು. ಜಗಳಾನೂ ಆಡ್ಲಿಲ್ಲ." ಈ ಭಾನುವಾರ ಅವಳ ಅಣ್ಣ ಗಾಡಿ ತರುತ್ತಾನೆ, ಸಾಮಾನು ಹೇರಿಕೊಂಡು ಅವನ ಮನೆಗೆ ಹೋಗಿಬಿಡುತ್ತಾಳೆ.

"ಅಲ್ಲಿ ಕಟಿಂಗ್ ಕೆಲಸ ಇದ್ಯಾ?" ನಾದಿನಿ ಕೇಳಿದಳು.

"ತರಕಾರಿ ಕಟಿಂಗ್ ಇದೆ," ಎಂದಳು ಮಾಸ್ಟರಮ್ಮ. ನಗಲು ನೋಡಿದಳು, ಆಗಲಿಲ್ಲ. "ಇಲ್ಲಿದ್ರೆ ದಿನಾ ಎಲ್ಲರಿಗೂ ಸುಳ್ಳು ಹೇಳ್ಬೇಕು. ಇಲ್ಲಾಂದ್ರೆ ನಿಜ ಹೇಳ್ಬೇಕು. ಎರಡೂ ನನ್ನ ಕೈಲಾಗಲ್ಲ. ಆ ತುದಿ ನೋಡ್ಕೊಂಡು ನಿಲ್ಲೋಕೂ ಆಗಲ್ಲ. ಇನ್ನು ಕತ್ತರಿ ಮುಟ್ಟಲ್ಲ, ದೊಡ್ಡಮ್ಮ. ಹಾಳು ಮಾಡಿದ್ದು ಸಾಕು."

ಮೂರು ವಾರ ದಿನಕ್ಕೊಂದು ಸಲ ನಾನು ಆ ಗಾಯಕ್ಕೇ ಬೆರಳು ಹಾಕಿದ್ದೆ, ಅದೂ ತಮಾಷೆ ಎಂದುಕೊಂಡು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತೆ.

ದೊಡ್ಡಮ್ಮ ಒಬ್ಬರೇ ಅಲುಗಾಡಲಿಲ್ಲ. ಗುಂಡಿ ಎಣಿಸುವುದನ್ನು ಮುಗಿಸಿ, ಡಬ್ಬದ ಮುಚ್ಚಳ ಹಾಕಿ, "ಹೋಗೋದು ಬಿಡೋದು ಭಾನುವಾರದ ಮಾತು," ಎಂದರು. "ಇವತ್ತು ಶುಕ್ರವಾರ. ಅರವತ್ತು ಬಲಗಾಲು ಬೇಕು. ಬಟ್ಟೆ ಎಲ್ಲಿದೆ?"

ಬಟ್ಟೆ ಇರಲಿಲ್ಲ. ಮಾರುವವನಿಗೆ ಫೋನು ಮಾಡಿದರೆ ಆ ಲಾಟು ಮುಗಿದಿದೆ, ಹೊಸ ಲಾಟು ಇದೆ ಎಂದ. ಹೊಸ ಲಾಟಿನ ನೀಲಿ ಬೇರೆ. ಶೆಡ್ಡಿನೊಳಗೆ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಹೋದರೆ ಒಂದು ಕಾಲು ಒಂದು ಬಣ್ಣ.

"ಅದೇ ಲಾಟು ಎದುರಂಗಡೀಲಿದೆ," ಎಂದಳು ಅತ್ತಿಗೆ. "ಒಂದೇ ದಿನ ಇಳಿಸಿದ್ರು, ನಾನೇ ನೋಡಿದೀನಿ."

ಎಲ್ಲರೂ ನನ್ನ ಮುಖ ನೋಡಿದರು.

ಎದುರಂಗಡಿಯ ದರ್ಜಿಗೂ ನಮ್ಮ ಶೆಡ್ಡಿಗೂ ನಾಲ್ಕು ವರ್ಷದಿಂದ ಮಾತಿಲ್ಲ. ಕಾರಣ ನಾನೇ. ನನ್ನ ಹಬೆಯ ಇಸ್ತ್ರಿಗೆ ನೀರು ಕಾಯಿಸುವ ಬಾಯ್ಲರಿನ ಕೊಳವೆಯಿಂದ ನೀರು ಸೋರಿ ಅವನ ಮೆಟ್ಟಿಲವರೆಗೆ ಹರಿದಿತ್ತು. ಅವನು ಒಂದು ಬೆಳಿಗ್ಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ನಾನು ಅದಕ್ಕೆ ಎರಡರಷ್ಟು ಕೂಗಿದೆ. ಅವನ ಹೊಲಿಗೆ, ಅವನ ಅಳತೆ, ಅವನ ಅಪ್ಪನ ಅಳತೆ ಎಲ್ಲ ಬಂದುಹೋಯಿತು. ಅಂದಿನಿಂದ ಅವನು ಆ ಕಡೆ, ನಾವು ಈ ಕಡೆ. ನಡುವಿನ ಬೀದಿ ಎರಡು ಸೈಕಲ್ಲು ಹೋಗುವಷ್ಟು ಅಗಲ.

ಹೋದೆ. ಬೇರೆ ದಾರಿ ಇರಲಿಲ್ಲ. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿನ ತೋಳು ಕೂಡಿಸುತ್ತಿದ್ದ. ನನ್ನನ್ನು ನೋಡಿದ, ಆದರೂ ಸೂಜಿಗಳನ್ನು ಒಂದೊಂದಾಗಿ ತೆಗೆದು ಕೋಟಿಗೆ ಚುಚ್ಚಿ ಮುಗಿಸಿದ.

"ಕಡುನೀಲಿ ಥಾನು ಇದ್ಯಾ?" ಎಂದೆ.

"ನಾಲ್ಕು ವರ್ಷ ಆದ್ಮೇಲೆ ಮೊದಲ್ನೇ ಮಾತೇ ಥಾನಾ?"

ನುಂಗಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಎಡಗಾಲಿನ ವಿಷಯ ಹೇಳಿದೆ. ಅವಳ ಗಂಡ ಬಿಟ್ಟುಹೋದ ವಿಷಯಕ್ಕೆ ಬಂದಾಗ ಅವನು ಕೈ ಅಡ್ಡ ಮಾಡಿದ.

"ಗೊತ್ತು."

"ಯಾರು ಹೇಳಿದ್ರು? ನಮಗೇ ಈಗ ಗೊತ್ತಾಗಿದ್ದು."

"ಯಾರು ಹೇಳ್ಬೇಕು? ಈ ಬಾಗಿಲಲ್ಲಿ ಕೂತ್ರೆ ನಿಮ್ಮ ಮೇಜು ಕಾಣುತ್ತೆ. ಮೂರು ವಾರದಿಂದ ಆ ಹೆಣ್ಮಗಳು ಒಬ್ಬಳೇ ಆ ಕಡೆಯಿಂದ ಈ ಕಡೆ ಓಡಾಡ್ತಿದ್ದಾಳೆ, ಯಾರನ್ನೂ ಕರೀತಿಲ್ಲ. ಆ ಓಡಾಟ ನಂಗೆ ಚೆನ್ನಾಗಿ ಗೊತ್ತು." ಅವನು ಟೇಪನ್ನು ಬೆರಳಿಗೆ ಸುತ್ತಿಕೊಂಡ. "ನೀರಿನ ಜಗಳ ಆಡಿದ್ವಲ್ಲ, ಅವತ್ತು ಬೆಳಿಗ್ಗೆನೇ ನನ್ನ ಹೆಂಡ್ತಿ ಹೋಗಿದ್ದು. ನಾನು ಕೂಗಿದ್ದು ನಿನ್ನ ನೀರಿಗಲ್ಲ ಮಾರಾಯ."

ತಿರುಗಿ ನೋಡಿದೆ. ಅಲ್ಲಿಂದ ನಮ್ಮ ಮೇಜು ನಿಜಕ್ಕೂ ಕಾಣುತ್ತಿತ್ತು.

"ಎದುರಿಗೇ ಇದ್ರಿ," ಎಂದ. "ಒಬ್ರಾದ್ರೂ ಬಂದು ಒಂದು ಟೀ ಕುಡೀತೀಯಾ ಅಂತ ಕೇಳ್ಬಹುದಿತ್ತು. ಕೇಳ್ಲಿಲ್ಲ. ಇರ್ಲಿ. ಅವಳಿಗೆ ಹಾಗಾಗೋದು ಬೇಡ."

ಥಾನನ್ನು ಹೆಗಲಿಗೆ ಹಾಕಿಕೊಂಡು ನನಗಿಂತ ಮೊದಲು ಅವನೇ ಬೀದಿ ದಾಟಿದ.

ಶೆಡ್ಡಿನಲ್ಲಿ ಅವನಿಗೆ ಟೀ ಕೊಟ್ಟರು. ಕೊಟ್ಟವನು ನಾನು, ಅದನ್ನು ಹೇಳಿಬಿಡುತ್ತೇನೆ. ಅರ್ಧ ಕುಡಿದು, "ಇದು ಬಾಯ್ಲರಿನ ನೀರಲ್ಲ ತಾನೇ?" ಎಂದು ಕೇಳಿದ. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಸಲ ನಕ್ಕರು. ಅವರಿಬ್ಬರು ಒಂದೇ ವಿಷಯಕ್ಕೆ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಮಾಸ್ಟರಮ್ಮ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. "ನೀವೇ ಕತ್ತರಿಸಿಬಿಡಿ," ಎಂದಳು ಅವನಿಗೆ. "ನನ್ನ ಗೆರೆ ಮೇಲೆ ನಂಗೇ ನಂಬಿಕೆ ಇಲ್ಲ."

"ನಿಮ್ಮ ಅಚ್ಚು, ನಿಮ್ಮ ಗುರುತು. ನಂಗೇನು ಗೊತ್ತಾಗುತ್ತೆ? ತುದಿ ಬೇಕಾದ್ರೆ ಹಿಡೀತೀನಿ."

ಹಾಗೆಂದು ಅವನು ಹೋಗಿ ಮೇಜಿನ ಆ ತುದಿಯಲ್ಲಿ ನಿಂತ. ಆ ಜಾಗದಲ್ಲಿ ನೆಲದ ಸಿಮೆಂಟು ಹತ್ತು ವರ್ಷ ಒಬ್ಬನೇ ನಿಂತು ನುಣುಪಾಗಿತ್ತು. ಮಾಸ್ಟರಮ್ಮ ಅದನ್ನೇ ನೋಡಿದಳು. ಹೊರಗೆ ಓಡಿಹೋಗುತ್ತಾಳೆ ಎಂದುಕೊಂಡೆ. ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿ, "ಮುಖ ಮೇಲೋ ಕೆಳಗೋ, ಅದನ್ನಾದ್ರೂ ಹೇಳಮ್ಮ, ಅವರು ಎಷ್ಟು ಹೊತ್ತು ನಿಂತಿರ್ತಾರೆ," ಎಂದರು.

"ಕೆಳಗೆ," ಎಂದಳು. ಅಭ್ಯಾಸದ ಬಾಯಿ ಅದು, ಕೇಳಿದ ಕೂಡಲೇ ಹೇಳಿಬಿಟ್ಟಿತು. "ಎಲ್ಲಾ ಪದರಾನೂ ಮುಖ ಕೆಳಗೆ. ಆಗ ಅದೇ ಗುರುತಿಗೆ ಬರೀ ಬಲಗಾಲು ಬರುತ್ತೆ." ಹೇಳುತ್ತಲೇ ಮೇಜಿನ ಹತ್ತಿರ ಬಂದಿದ್ದಳು. ಥಾನಿನ ಅಂಚು ಹಿಡಿದಳು, ಬಿಚ್ಚಿದಳು, ಕಿವಿಯಿಂದ ಸೀಮೆಸುಣ್ಣ ತೆಗೆದು ಟಕ್ ಎಂದು ಮೇಜಿಗೆ ಏಟು ಕೊಟ್ಟಳು.

ಎದುರಂಗಡಿಯವನು ಎಳೆಯುತ್ತಲೇ ಹೋದ. ಬಟ್ಟೆಯೆಲ್ಲ ಜಾರಿ ಅವನ ಕಾಲ ಮೇಲೆ ಬಿತ್ತು.

"ಟಕ್ ಅಂದ್ರೆ ನಿಲ್ಲಿಸ್ಬೇಕು," ಎಂದಳು ಮಾಸ್ಟರಮ್ಮ.

"ನಂಗೆ ಯಾರು ಹೇಳಿದ್ರು? ನಮ್ಮಂಗಡೀಲಿ ಬಾಯಲ್ಲಿ ಮಾತಾಡ್ತೀವಿ."

ಅವಳು ನಕ್ಕಳು. ಈ ಸಲ ಹಲ್ಲಿನ ನಗು ಅಲ್ಲ. ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದಳು, ಮೇಜಿಗೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾದಿನಿ ಎದ್ದುಹೋಗಿ ಬೆನ್ನು ಸವರಿದಳು. "ಬಟ್ಟೆ ಒದ್ದೆ ಮಾಡ್ಬೇಡ, ಕುಗ್ಗುತ್ತೆ," ಎಂದಳು ಅತ್ತಿಗೆ. ಅದಕ್ಕೂ ನಗು. ಹತ್ತು ನಿಮಿಷವಾದ ಮೇಲೆ ಮೂಗು ಒರೆಸಿಕೊಂಡು, "ಇನ್ನೊಂದ್ಸಲ ಹಿಡೀರಿ," ಎಂದಳು.

ಇದನ್ನು ಓದಿ ನೀವು ಬೇರೆ ಏನೋ ಊಹಿಸಬೇಡಿ. ಅವನಿಗೂ ಅವಳಿಗೂ ಏನೂ ಇಲ್ಲ, ಅಂದೂ ಇಲ್ಲ, ಇಂದೂ ಇಲ್ಲ. ನಾಲ್ಕು ಪದರವಾದ ಮೇಲೆ ಅವನಿಗೆ ಗಿರಾಕಿ ಬಂದರು, ಆ ತುದಿಗೆ ಅತ್ತಿಗೆ ಹೋದಳು. ಅವಳಾದ ಮೇಲೆ ನಾದಿನಿ. ಆಮೇಲೆ ನಾನು. ನನಗೇ ಹೆಚ್ಚು ಬೈಗುಳ ಬಿದ್ದದ್ದು. "ಕೆಂಡಣ್ಣ, ಅದು ಬಟ್ಟೆ, ಹಗ್ಗ ಅಲ್ಲ, ಹಾಗೆ ಎಳೀಬೇಡ." ಬೆಳಿಗ್ಗೆ ನಾನು ಆಡಿದ ಮಾತಿಗೆ ಲೆಕ್ಕ ಹಾಕಿದರೆ ಇದು ಏನೂ ಅಲ್ಲ. ಸುಮ್ಮನೆ ಸಡಿಲ ಬಿಟ್ಟೆ. ತುದಿ ಹಿಡಿದುಕೊಂಡೇ, "ಬೆಳಿಗ್ಗೆ ತಪ್ಪು ಮಾತಾಡ್ದೆ ತಂಗಿ," ಎಂದೆ.

"ಆಡಿದ್ದು ಒಳ್ಳೇದೇ ಆಯ್ತು," ಎಂದಳು. "ಇಲ್ಲಾಂದ್ರೆ ಇವತ್ತೂ ಸುಳ್ಳೇ ಹೇಳ್ತಿದ್ದೆ."

ಸಂಜೆಯ ಬೆಳಕಿರುವಾಗಲೇ ಕತ್ತರಿಸಿ ಮುಗಿಸಿದಳು. ಮೊದಲ ಬಲಗಾಲನ್ನು ಒಂದು ಎಡಗಾಲಿನ ಪಕ್ಕ ಇಟ್ಟು ಬಾಗಿಲ ಹತ್ತಿರ ಹಿಡಿದು ನೋಡಿದೆವು. ಬಣ್ಣ, ಓರೆ ಗೆರೆ, ಅಂಚು, ಎಲ್ಲ ಹೊಂದಿಕೊಂಡಿತ್ತು. ಅವಳ ಗೆರೆ ಎಲ್ಲೂ ತಪ್ಪಿರಲಿಲ್ಲ.

ಶನಿವಾರವೆಲ್ಲ ಹೊಲಿದರು. ಭಾನುವಾರ ರಜೆ ಇದ್ದರೂ ಉಳಿದದ್ದನ್ನು ಮುಗಿಸಲು ಬಂದೆವು. ಹೋಗುವ ವಿಷಯವನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎಲ್ಲರ ಕಿವಿ ಮಾತ್ರ ಬೀದಿಯ ಕಡೆಗಿತ್ತು. ಹತ್ತೂವರೆಗೆ ಒಂದು ಸಣ್ಣ ಲಾರಿ ಬಂದು ನಿಂತಿತು. ಇಳಿದು ಬಂದವನು ಅವಳ ಅಣ್ಣ. ಅವಳದೇ ಮೂಗು, ಅವಳದೇ ಗಲ್ಲ.

"ಮನೆಗೆ ಹೋದ್ರೆ ಬೀಗ ಹಾಕಿದೆ. ಸಾಮಾನು ಕಟ್ಟಿದ್ಯಾ?"

"ಇಲ್ಲ ಅಣ್ಣ."

"ಯಾಕೆ?"

ಮಾಸ್ಟರಮ್ಮ ಕೈಯಲ್ಲಿದ್ದ ಪ್ಯಾಂಟನ್ನು ಮಡಿಸಿ ಇಟ್ಟಳು. "ಇಲ್ಲೇ ಇರ್ತೀನಿ."

"ಒಬ್ಬಳೇ ಹೇಗಿರ್ತೀಯ? ಜನ ಕೇಳ್ತಾರೆ, ಏನಂತ ಹೇಳ್ತೀಯ? ನೀನೇ ತಾನೇ ಫೋನಲ್ಲಿ ಅತ್ತಿದ್ದು, ಮುಖ ತೋರ್ಸೋಕಾಗಲ್ಲ ಅಂತ."

"ಹೌದು. ನಿನ್ನ ಮನೆಗೆ ಬಂದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಈಗ ಇಲ್ಲಿ ಎಲ್ಲರಿಗೂ ಗೊತ್ತಾಗೋಯ್ತು. ಗೊತ್ತಾದ್ಮೇಲೆ ಏನೂ ಆಗ್ಲಿಲ್ಲ ಅಣ್ಣ. ಟೀ ಕುಡಿದ್ವಿ, ಕೆಲಸ ಮಾಡಿದ್ವಿ."

ಅಣ್ಣ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದ. ಕೆಟ್ಟವನಲ್ಲ ಅವನು, ಹೆದರಿದವನು. ನಾನು ಬಾಯಿ ತೆರೆಯುವುದರೊಳಗೆ ಅತ್ತಿಗೆ ಶುರು ಮಾಡಿದಳು. "ಒಬ್ಬಳೇ ಇರೋಕೆ ನಾವು ಬಿಟ್ರೆ ತಾನೇ? ನಮ್ಮ ಮನೆ ಎರಡು ಬೀದಿ ಆಚೆ. ವಾರಕ್ಕೆ ನಾಲ್ಕು ದಿನ ಇವಳು ನಮ್ಮನೇಲೇ ಊಟ ಮಾಡ್ತಾಳೆ. ನಂಗೂ ಈ ನಾದಿನಿ ಮುಖ ಬಿಟ್ಟು ಬೇರೆ ಮುಖ ನೋಡ್ದಂಗಾಗುತ್ತೆ."

"ಉಳಿದ ಮೂರು ದಿನಾನೂ ಬರ್ಲಿ," ಎಂದಳು ನಾದಿನಿ. "ನಂಗೆ ಅತ್ತಿಗೆ ಮುಖ ಏಳು ದಿನಾನೂ ಸಾಕಾಗಿದೆ."

ಅಣ್ಣ ಕುರ್ಚಿ ಎಳೆದುಕೊಂಡು ಕುಳಿತ. "ನಿಜ ಹೇಳ್ಲಾ," ಎಂದ ತಂಗಿಗೆ. "ನಮ್ಮನೇಲಿ ನಿನ್ನ ಎಲ್ಲಿ ಮಲಗಿಸೋದು ಅಂತ ಮೂರು ದಿನದಿಂದ ನಾನೂ ನನ್ನ ಹೆಂಡ್ತೀನೂ ಟೇಪು ಹಿಡ್ಕೊಂಡು ಗೋಡೆ ಅಳೀತಿದ್ವಿ." ಹೇಳಿಯಾದ ಮೇಲೆ ಅವನ ಭುಜ ಎರಡು ಅಂಗುಲ ಇಳಿಯಿತು. "ಆದ್ರೆ ಲಾರಿ ತಂದಿದೀನಲ್ಲ, ಖಾಲಿ ಹೋಗ್ಲಾ?"

"ಖಾಲಿ ಬೇಡ. ಆ ದೊಡ್ಡ ಮಂಚ ತಗೊಂಡು ಹೋಗು. ಅದ್ರ ಮೇಲೆ ಮಲಗಿದ್ರೆ ನಂಗೆ ನಿದ್ದೆ ಬರಲ್ಲ. ನೆಲದ ಮೇಲೇ ಮಲಗ್ತಿದೀನಿ."

ಹಾಗಾಗಿ ಆ ಮಧ್ಯಾಹ್ನ ನಾನು, ಅಣ್ಣ, ಎದುರಂಗಡಿಯವನು ಮೂವರೂ ಸೇರಿ ಅವಳ ಮೂರನೇ ಮಹಡಿಯ ಮನೆಯಿಂದ ಆ ಮಂಚ ಇಳಿಸಿದೆವು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ನಾನು ಮಂಚಕ್ಕೆ ಬೈದೆ, ಮೆಟ್ಟಿಲು ಕಟ್ಟಿದವನಿಗೆ ಬೈದೆ, ಆಮೇಲೆ ಅವಳ ಗಂಡನ ಹೆಸರು ಹಿಡಿದು ಮನಸ್ಸು ತಣ್ಣಗಾಗುವಷ್ಟು ಬೈದೆ. ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದ ಮಾಸ್ಟರಮ್ಮ ಎಲ್ಲ ಕೇಳಿಸಿಕೊಂಡು, "ಮುಗೀತಾ ಅಣ್ಣ? ಈಗ ಅದನ್ನ ಅಡ್ಡ ತಿರುಗಿಸಿ, ತಲೆ ಭಾಗ ಮೊದಲು ಬಿಡಿ," ಎಂದಳು. ಕಣ್ಣಿನಲ್ಲೇ ಅಳತೆ ತೆಗೆದಿದ್ದಳು. ಮಂಚ ಕೂದಲೆಳೆಯ ಅಂತರದಲ್ಲಿ ಪಾರಾಯಿತು.

ಸೋಮವಾರ ಪ್ಯಾಂಟು ಕೊಟ್ಟೆವು. ಅರವತ್ತು ಎಡಗಾಲು ಉಳಿದವಲ್ಲ, ಅವನ್ನು ಅವಳು ಎಸೆಯಲು ಬಿಡಲಿಲ್ಲ. ಕೆಳಗೆ ಮುಚ್ಚಿ, ಮೇಲೆ ಪಟ್ಟಿ ಹೊಲಿದು ಚೀಲ ಮಾಡಿದಳು. ಈಗ ನಮ್ಮ ಬೀದಿಯಲ್ಲಿ ಯಾರ ಹೆಗಲು ನೋಡಿದರೂ ಕಡುನೀಲಿ ಚೀಲ. ಔಷಧಿ ಅಂಗಡಿಯಾಕೆ, ಬೀಗ ರಿಪೇರಿಯವನು, ಎದುರಂಗಡಿಯವನು, ಎಲ್ಲರೂ ಎಡಗಾಲಿನಲ್ಲೇ ಊಟದ ಡಬ್ಬಿ ತರುತ್ತಾರೆ.

ಎಲ್ಲ ಒಂದೇ ವಾರಕ್ಕೆ ಸರಿಹೋಯಿತು ಎಂದರೆ ಅದು ಸುಳ್ಳು. ಗೆರೆ ಎಳೆಯುತ್ತಾ ನಡುವೆ ನಿಂತುಬಿಡುತ್ತಿದ್ದ ದಿನಗಳಿದ್ದವು. ವಿಚ್ಛೇದನದ ಕಾಗದಪತ್ರಕ್ಕೆ ಸಹಿ ಹಾಕಿಬಂದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ಮಾತಾಡಲಿಲ್ಲ. ಅಂಥ ದಿನ ನಾವೂ ಏನೂ ಕೇಳುತ್ತಿರಲಿಲ್ಲ. ಯಾರಾದರೂ ಎದ್ದುಹೋಗಿ ಆ ತುದಿಯಲ್ಲಿ ನಿಲ್ಲುತ್ತಿದ್ದೆವು, ಅಷ್ಟೇ. ಶನಿವಾರ ಕೆಲಸ ಮುಗಿದ ಮೇಲೆ ಆ ಮೇಜಿನ ಸುತ್ತ ಟೀ ಕುಡಿಯುವುದು ಹಾಗೇ ಉಳಿದುಬಂತು. ಎದುರಂಗಡಿಯವನು ಬರುತ್ತಾನೆ. ಔಷಧಿ ಅಂಗಡಿಯಾಕೆಗೂ ಮನೆಯಲ್ಲಿ ಏನೋ ಸರಿಯಿಲ್ಲ, ಅವಳೂ ಬರುತ್ತಾಳೆ. ಏನು ಎಂದು ನಾವು ಕೇಳಿಲ್ಲ. ಹೇಳಬೇಕೆನಿಸಿದ ದಿನ ಹೇಳುತ್ತಾಳೆ.

ಇದಾಗಿ ಎರಡು ವರ್ಷ. ಮೊನ್ನೆ ಎಂಬತ್ತು ಪ್ಯಾಂಟಿನ ಬಟ್ಟೆ ಬಂತು. ಮಾಸ್ಟರಮ್ಮ ಥಾನು ಬಿಚ್ಚಿ ಅಂಚು ಹಿಡಿದು, ನಾದಿನಿಯ ಜೊತೆ ಏನೋ ಹರಟುತ್ತಾ, ತಲೆ ತಗ್ಗಿಸಿಕೊಂಡೇ ಬಟ್ಟೆಯನ್ನು ಆ ಕಡೆಗೆ ನೂಕಿದಳು. ಅಲ್ಲಿ ಯಾರಿದ್ದಾರೆ, ಇದ್ದಾರೋ ಇಲ್ಲವೋ ಎಂದು ನೋಡಲೇ ಇಲ್ಲ. ನಾನಿದ್ದೆ. ಹಿಡಿದುಕೊಂಡೆ.

ಎರಡು ಟಕ್ ಕೇಳಿಸಿತು. ಸ್ವಲ್ಪ ಸಡಿಲ ಬಿಟ್ಟೆ.